ಒಂದು ಸೈಜು ದೊಡ್ಡದು

ನಮ್ಮ ಮನೆಯ ಬೀರುವಿನಲ್ಲಿ, ನನ್ನ ಮದುವೆಯ ರೇಷ್ಮೆ ಸೀರೆಗಳ ಪಕ್ಕದಲ್ಲಿ, ಒಂದು ಕಪ್ಪು ರಬ್ಬರಿನ ಉಡುಪು ತೂಗುತ್ತಿದೆ. ಕತ್ತಿನಿಂದ ಕಣಕಾಲಿನವರೆಗೆ ಒಂದೇ ತುಂಡು, ಬೆನ್ನಿಗೆ ಜಿಪ್ಪು. ತಣ್ಣನೆಯ ಸಮುದ್ರದಲ್ಲಿ ಡೈವಿಂಗ್ ಮಾಡುವವರು ಮೈ ಬೆಚ್ಚಗಿರಲೆಂದು ಹಾಕಿಕೊಳ್ಳುವ ವೆಟ್‌ಸೂಟ್ ಅದು. ಕ್ವಾಲಾಲಂಪುರದಲ್ಲಿ ಅದರಿಂದ ಏನು ಪ್ರಯೋಜನ ಎಂದು ನನ್ನನ್ನು ಕೇಳಬೇಡಿ. ಇಲ್ಲಿ ನಲ್ಲಿ ತಿರುಗಿಸಿದರೂ ಉಗುರುಬೆಚ್ಚಗಿನ ನೀರೇ ಬರುತ್ತದೆ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಬೀರು ತೆಗೆದವರು, ಒಳಗೆ ಯಾರೋ ನಿಂತಿದ್ದಾರೆಂದು ಹೌಹಾರಿ, ಆಮೇಲೆ ಎರಡು ದಿನ ನನ್ನನ್ನು ಅನುಮಾನದಿಂದ ನೋಡಿದರು.

ಅದು ನಮ್ಮ ಎದುರು ಮನೆಯವರದು. ಮಾಂಟ್ ಕಿಯಾರಾದ ಕಾಂಡೋಮಿನಿಯಮ್ಮಿನಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಮಂಗಳೂರಿನ ಕ್ಯಾಥೊಲಿಕ್ ಕುಟುಂಬ. ಇಲ್ಲಿನ ಕನ್ನಡ ಬಳಗದ ಕರಾವಳಿಯವರೆಲ್ಲ ಆ ಮನೆಯ ಯಜಮಾನರನ್ನು ಮರ್ಯಾದೆಯಿಂದ ‘ಪೊರ್ಬುಗಳು’ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ‘ಬಾಯಮ್ಮ’ ಎನ್ನುತ್ತಿದ್ದರು. ಹಳೇ ಮೈಸೂರಿನವಳಾದ ನಾನೂ ಅದನ್ನೇ ಕಲಿತೆ. ಮುಖ ಕಂಡಾಗ ಮಾತ್ರ ‘ಸರ್’ ಎನ್ನುತ್ತಿದ್ದೆ, ಏಕೆಂದರೆ ಸೈಬರ್‌ಜಯಾದ ನಮ್ಮ ಕಂಪನಿಯಲ್ಲಿ ಅವರು ನನಗಿಂತ ಎಷ್ಟೋ ಹಿರಿಯರು.

ಅವರ ಕೆಲಸ ತಂಪು ಮಾಡುವುದು. ನಮ್ಮ ಡೇಟಾ ಸೆಂಟರಿನಲ್ಲಿ ಕಂಪ್ಯೂಟರುಗಳು ಹಗಲಿರುಳು ಒಲೆಯಂತೆ ಕಾಯುತ್ತವೆ. ಆ ಬಿಸಿಯನ್ನೆಲ್ಲ ಹೊರಗೆ ದೂಡಿ ಕೋಣೆಯನ್ನು ತಣ್ಣಗಿಡುವ ವಿಭಾಗಕ್ಕೆ ಅವರು ಮುಖ್ಯಸ್ಥರು. ಇಂಥ ಮನುಷ್ಯನಿಗೆ ಚಳಿ ಎಂದರೆ ಆಗುತ್ತಿರಲಿಲ್ಲ. ವರ್ಷವಿಡೀ ಬೆವರುವ ಈ ದೇಶದಲ್ಲಿ, ಮರೂನ್ ಬಣ್ಣದ ಅರ್ಧತೋಳಿನ ಸ್ವೆಟರ್ ಇಲ್ಲದೆ ಅವರನ್ನು ಕಂಡವರಿಲ್ಲ. ಕಾರಿನಲ್ಲಿ ಏಸಿ ಹಾಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವರ ಕಾರಿನಲ್ಲೇ ಆಫೀಸಿಗೆ ಹೋಗುತ್ತಿದ್ದ ನಾನು, ಮುಖಕ್ಕೆ ಹಚ್ಚಿದ ಪೌಡರೆಲ್ಲ ಇಳಿದು ಕುತ್ತಿಗೆಗೆ ಬರುವ ಹೊತ್ತಿಗೆ ಸೈಬರ್‌ಜಯಾ ತಲುಪುತ್ತಿದ್ದೆ.

“ಸರ್, ಸ್ವಲ್ಪ ಏಸಿ ಹಾಕಿದ್ರೆ ಏನಾಗುತ್ತೆ?” ಎಂದು ಒಮ್ಮೆ ಕೇಳಿಯೇ ಬಿಟ್ಟೆ.

“ಆಫೀಸಲ್ಲಿ ಇಡೀ ದಿನ ಅದೇ ಮಾಡುದಲ್ವಾ ಮಾರಾಯ್ತಿ. ಹೋಟ್ಲಿನ ಭಟ್ರು ಮನೆಗೆ ಬಂದು ದೋಸೆ ಹೊಯ್ತಾರಾ?” ಎಂದರು.

ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ಕೋಣೆಯೊಳಗೆ ಬಂದು “ಎಷ್ಟು ಚಳಿ ಸರ್” ಎಂದರೆ ಸಾಕು, ಶುರುವಾಗುತ್ತಿತ್ತು. “ಚಳಿ ಅಂತ ಒಂದು ಇಲ್ಲವೇ ಇಲ್ಲ ಮಾರಾಯ. ಬಿಸಿ ಹೋಗುದು, ಅಷ್ಟೇ. ಅದು ಎಲ್ಲಿಂದ ಹೋಗ್ತದೆ ನೋಡ್ಬೇಕು. ಬಂದ್ ಮಾಡ್ಬೇಕು.” ಬಂದ್ ಮಾಡಲು ಅವರ ಪ್ಯಾಂಟಿನ ಜೇಬಿನಲ್ಲಿ ಬೆಳ್ಳಿ ಬಣ್ಣದ ಟೇಪಿನ ಸುರುಳಿ ಯಾವಾಗಲೂ ಇರುತ್ತಿತ್ತು. ಎಲ್ಲಿ ಸಂದಿ ಕಂಡರೂ ಒಂದು ತುಂಡು ಹರಿದು ಅಂಟಿಸುತ್ತಿದ್ದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ, ಅಂಟಿದ ಜಾಗವನ್ನು ಹತ್ತಿರದಿಂದ ಪರೀಕ್ಷಿಸಿ, ಕನ್ನಡಕವನ್ನು ಮತ್ತೆ ಎದೆಯ ಮೇಲೆ ಬಿಡುತ್ತಿದ್ದರು. ನಮ್ಮ ಮನೆಗೆ ಕಾಫಿಗೆ ಬಂದರೂ ಅಷ್ಟೇ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಸಡಿಲವಾಗಿದೆ ಎಂದು ಕಾಫಿ ಆರುವ ಮೊದಲೇ ಹೇಳಿ, ಕಾಫಿ ಆರುವಷ್ಟರಲ್ಲಿ ಟೇಪು ಸುತ್ತಿ ಮುಗಿಸಿದ್ದರು. ಆಮೇಲೆ ಆ ಫ್ರಿಜ್ಜನ್ನು ತೆಗೆಯಲು ನನಗೆ ಎರಡು ಕೈ ಬೇಕಾಯಿತು.

ಮತ್ತೊಂದು ಖ್ಯಾತಿ ಅವರ ತಮಾಷೆಗೆ. ಪೊರ್ಬುಗಳು ಬಾಯಿ ಬಿಟ್ಟರೆ ಸುತ್ತಲಿನವರು ನಗಬೇಕು. ನಗದಿದ್ದರೆ ಅವರಿಗೆ ಅದು ತಮ್ಮ ಕೆಲಸದಲ್ಲಾದ ಲೋಪ. ಅವರ ಒಬ್ಬಳೇ ಮಗಳ ವಿಷಯದಲ್ಲಿ ಎಡವಟ್ಟಾದದ್ದೂ ಇದರಿಂದಲೇ.

ಮಗಳು ಇಲ್ಲೇ ಹತ್ತಿರದ ನಿಲಾಯ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವಳು, ಅರ್ಧಕ್ಕೆ ಬಿಟ್ಟು, ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪಕ್ಕೆ ಕಡಲಪಾಚಿಯ ಬಗ್ಗೆ ಓದಲು ಹೊರಟಿದ್ದಳು. ಪೊರ್ಬುಗಳು ಬೇಡವೆನ್ನಲಿಲ್ಲ. ಎಂದಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು. ಅವರು ತಮಾಷೆ ಮಾಡಿದರು. ಆ ವರ್ಷದ ಕ್ರಿಸ್‌ಮಸ್ ಊಟಕ್ಕೆ ನಾವೆಲ್ಲ ಅವರ ಮನೆಯಲ್ಲಿದ್ದೆವು. ಬಾಯಮ್ಮ ಇಡ್ಲಿಯಂಥ ಸಾನ್ನ ಬಡಿಸುತ್ತಿದ್ದರು. ಯಾರೋ ಮಗಳ ಓದಿನ ಬಗ್ಗೆ ಕೇಳಿದರು.

“ಅವಳು ಸಮುದ್ರದಲ್ಲಿ ಹುಲ್ಲು ಕೊಯ್ಲಿಕ್ಕೆ ಹೋಗ್ತಾಳೆ,” ಎಂದರು ಪೊರ್ಬುಗಳು. “ಊರಲ್ಲೇ ಕೊಯ್ದಿದ್ರೆ ದನವಾದ್ರೂ ತಿಂತಿತ್ತು.”

ಇಡೀ ಮೇಜು ನಕ್ಕಿತು. ಹುಡುಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಮಲೇಷ್ಯಾದಲ್ಲೇ ಬೆಳೆದವಳು. ಮನೆಯ ಮಾತು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಪಪ್ಪಾ, ಯು ಕಮ್ ಡೌನ್ ಆಂಡ್ ಸೀ ಫಸ್ಟ್. ದೆನ್ ಯು ಟಾಕ್,” ಎಂದಳು. ಕೂಗಲಿಲ್ಲ, ಅಳಲಿಲ್ಲ. ನೀರೊಳಗೆ ಇಳಿದು ನೋಡು, ಆಮೇಲೆ ಮಾತಾಡು. ಅಷ್ಟು ಹೇಳಿ ತನ್ನ ಕೋಣೆಗೆ ಹೋದವಳು ಅಪ್ಪನೊಂದಿಗೆ ಮತ್ತೆ ಮಾತಾಡಲಿಲ್ಲ. ಮುನಿಸು ವಾರದಲ್ಲಿ ಇಳಿದೀತು ಎಂದುಕೊಂಡೆವು. ಅವಳು ವಿಮಾನ ಹತ್ತಿದಳು, ಓದು ಮುಗಿಸಿದಳು, ಅಲ್ಲೇ ಸಂಶೋಧನೆಯ ಕೆಲಸಕ್ಕೂ ಸೇರಿದಳು. ಮುನಿಸು ಹಾಗೇ ಇತ್ತು.

ದಿನಾ ಸಂಜೆ ಅವಳು ಅಮ್ಮನಿಗೆ ಫೋನು ಮಾಡುತ್ತಿದ್ದಳು. ಆ ಹೊತ್ತಿಗೆ ಪೊರ್ಬುಗಳು ಪಕ್ಕದ ಕೋಣೆಯಲ್ಲಿ ಟೀವಿ ಹಾಕಿಕೊಂಡು ಕೂರುತ್ತಿದ್ದರು. ಒಮ್ಮೆ ನಾನು ಏನೋ ಕೊಡಲು ಹೋದಾಗ ನೋಡಿದೆ, ಟೀವಿಯಲ್ಲಿ ಚಿತ್ರ ಓಡುತ್ತಿತ್ತು, ಶಬ್ದವನ್ನು ಪೂರ್ತಿ ಇಳಿಸಿದ್ದರು. ನನ್ನನ್ನು ಕಂಡವರು ಗಡಿಬಿಡಿಯಿಂದ ರಿಮೋಟು ಹುಡುಕಿದರು. ನನಗೆ ಅಯ್ಯೋ ಅನ್ನಿಸಿತು. ತಮಾಷೆಗೆ ಪ್ರಸಿದ್ಧರಾದವರು ಕ್ಷಮಿಸು ಎಂದರೂ ಜನ ಮುಂದಿನ ನಗುವಿಗಾಗಿ ಕಾಯುತ್ತಾರೆ. ಅದು ಅವರಿಗೆ ಗೊತ್ತಿತ್ತು. ಹಾಗಾಗಿ ಕ್ಷಮೆ ಕೇಳಲಿಲ್ಲ, ಇಂಜಿನಿಯರುಗಳು ಮಾಡುವುದನ್ನೇ ಮಾಡಿದರು. ಮಗಳು ಹೇಳಿದ್ದನ್ನು ಕಾಮಗಾರಿ ಎಂದು ಸ್ವೀಕರಿಸಿದರು. ನೀರಿಗಿಳಿದು ನೋಡಬೇಕು, ಸರಿ. ಡೈವಿಂಗನ್ನು ವಯಸ್ಸಿನಲ್ಲಿದ್ದಾಗ ತಿಯೋಮನ್ ದ್ವೀಪದಲ್ಲಿ ಒಮ್ಮೆ ಕಲಿತಿದ್ದರು. ಸಮಸ್ಯೆ ಇದ್ದದ್ದು ಒಂದೇ. ತಿಯೋಮನ್‌ನ ಸಮುದ್ರ ಸ್ನಾನದ ನೀರಿನ ಹಾಗೆ, ಟಾಸ್ಮೇನಿಯಾದ್ದು ಕೊರೆಯುವ ತಣ್ಣೀರು. ಕಾರಿನಲ್ಲಿ ಏಸಿ ಹಾಕದ ಮನುಷ್ಯ ಅದರೊಳಗೆ ಇಳಿಯಬೇಕು.

ಟಿಕೆಟು ತೆಗೆದರು, ವೆಟ್‌ಸೂಟಿಗೆ ಆನ್‌ಲೈನಿನಲ್ಲಿ ಹೇಳಿದರು. ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚಿನಲ್ಲಿ ಮಲೇಷ್ಯಾ ಬಾಗಿಲು ಹಾಕಿತು, ಆಸ್ಟ್ರೇಲಿಯಾವೂ ಹಾಕಿತು. ವಿಮಾನ ರದ್ದಾಯಿತು. ಸೂಟು ಮಾತ್ರ ತಪ್ಪದೆ ಬಂತು. ಮನೆಯಿಂದ ಹೊರಗೆ ಕಾಲಿಡುವಂತಿಲ್ಲ ಎಂದು ಸರ್ಕಾರ ಹೇಳಿದ ವಾರದಲ್ಲೇ, ಸಮುದ್ರದ ತಳಕ್ಕೆ ಹೋಗುವ ಉಡುಪು ಅವರ ಬಾಗಿಲಿಗೆ ತಲುಪಿತು.

ನಿಯಮಗಳು ಸ್ವಲ್ಪ ಸಡಿಲವಾದ ಮೇಲೆ ಒಂದು ಭಾನುವಾರ ಬಾಯಮ್ಮ ನನ್ನನ್ನು ಕರೆದರು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೋದೆ. ಮಲಗುವ ಕೋಣೆಯ ಬಾತ್‌ಟಬ್ಬಿನಲ್ಲಿ ನೀರು ತುಂಬಿತ್ತು. ಅದರೊಳಗೆ ಪೊರ್ಬುಗಳು ಮಂಜುಗಡ್ಡೆಯ ಚೀಲ ಸುರಿಯುತ್ತಿದ್ದರು. ಕೆಳಗಿನ ಮಾಮಕ್ ಅಂಗಡಿಯಲ್ಲಿ ಕೂತು ತಿನ್ನುವುದು ನಿಷೇಧವಾಗಿತ್ತು. ಐಸ್ ಹಾಕಿದ ಚಹಾ ಕುಡಿಯುವವರಿಲ್ಲದೆ ಅಂಗಡಿಯವನ ಐಸು ಉಳಿಯುತ್ತಿತ್ತು. ಎಲ್ಲರೂ ಅಲ್ಲಿಂದ ರೊಟ್ಟಿ ಚನಾಯ್ ಕಟ್ಟಿಸಿಕೊಂಡು ಬಂದರೆ, ಇವರು ಐಸು ತಾಪಾವ್, ಅಂದರೆ ಪಾರ್ಸೆಲ್, ಮಾಡಿಕೊಂಡು ಬರುತ್ತಿದ್ದರು.

“ಡೈವಿಂಗಿಗೆ ಒಬ್ಬರೇ ಹೋಗ್ಲಿಕ್ಕೆ ಇಲ್ಲ, ಜೊತೆಗೆ ಒಬ್ಬರು ಬೇಕು. ರೂಲ್ ಅದು,” ಎಂದರು ಪೊರ್ಬುಗಳು. “ಇವಳು ಕೂತ್ಕೊಳ್ಳುದಿಲ್ಲ ಹೇಳ್ತಾಳೆ.”

“ಗಂಡ ಐಸಲ್ಲಿ ಮಲಗುದನ್ನು ನೋಡ್ಲಿಕ್ಕೆ ಈಗಲೇ ಎಂತ ಅರ್ಜೆಂಟು ನಂಗೆ?” ಎಂದು ಬಾಯಮ್ಮ ಅಡುಗೆಮನೆಗೆ ಹೋದರು.

ಹೀಗೆ ನಾನು ಬಾತ್‌ರೂಮಿನ ಹೊಸ್ತಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅವರ ಡೈವಿಂಗ್ ಜೊತೆಗಾತಿಯಾದೆ. ನನಗೆ ಈಜು ಬರುವುದಿಲ್ಲ.

ವೆಟ್‌ಸೂಟ್ ನೀರನ್ನು ತಡೆಯುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಅದು ನೀರನ್ನು ಒಳಗೆ ಬಿಡುತ್ತದೆ. ಚರ್ಮಕ್ಕೂ ರಬ್ಬರಿಗೂ ನಡುವೆ ತೆಳ್ಳಗೆ ಸೇರಿದ ನೀರು ಮೈಯ ಕಾವಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲಬೇಕು. ಆ ಬೆಚ್ಚನೆಯ ನೀರೇ ಕಂಬಳಿ. ಪೊರ್ಬುಗಳು ಇದನ್ನೆಲ್ಲ ನನಗೆ ಸೊಗಸಾಗಿ ವಿವರಿಸಿ, ಮರೂನ್ ಸ್ವೆಟರಿನ ಮೇಲೆ ಸೂಟು ಹಾಕಿಕೊಂಡು ಟಬ್ಬಿಗಿಳಿದರು. ಹೌದು, ಸ್ವೆಟರಿನ ಮೇಲೆ. ಸ್ವೆಟರು ಹಿಡಿಸಲಿ ಎಂದೇ ಸೂಟನ್ನು ಒಂದು ಸೈಜು ದೊಡ್ಡದು ತರಿಸಿದ್ದರು.

ಇದಕ್ಕೆ ನಾನು ಅವರೊಬ್ಬರನ್ನೇ ದೂರಲಾರೆ. ನಮ್ಮವರು ಯಾವುದನ್ನು ತಾನೇ ಅಳತೆಗೆ ಸರಿಯಾಗಿ ಕೊಂಡಿದ್ದಾರೆ? ಸ್ಕೂಲಿನ ಯೂನಿಫಾರ್ಮು ಒಂದು ಸೈಜು ದೊಡ್ಡದು, ಬೂಟು ಒಂದು ಸೈಜು ದೊಡ್ಡದು, ಮುಂದೆ ಹತ್ತಿ ತುರುಕಿದ್ದು. ನನ್ನ ಮದುವೆಯ ರವಿಕೆಯ ಒಳಗೆ ಇಂದಿಗೂ ಎರಡು ಬೆರಳಗಲ ಬಟ್ಟೆ ಮಡಿಸಿಟ್ಟಿದೆ, ಮುಂದೆ ಬೇಕಾದೀತು ಎಂದು. ಬೇಕಾಯಿತು, ಆ ಮಾತು ಬೇರೆ. ಡೇಟಾ ಸೆಂಟರಿನಲ್ಲಿ ಕೂದಲೆಳೆಯಷ್ಟು ಸಂದಿಯನ್ನೂ ಸಹಿಸದ ಮನುಷ್ಯ, ತನ್ನ ಕತ್ತಿನ ಸುತ್ತ ಕೈ ತೂರುವಷ್ಟು ಸಂದಿ ಬಿಟ್ಟುಕೊಂಡು ಮಂಜಿನ ನೀರಿನಲ್ಲಿ ಕೂತರು. ಅಲುಗಾಡದೆ ಕೂತರೆ ಹೇಗೋ ನಡೆಯುತ್ತಿತ್ತು. ತೋಳೆತ್ತಿದರೆ ಕತ್ತಿನಿಂದ ಹೊಸ ತಣ್ಣೀರು ಗುಳಕ್ಕನೆ ಒಳಗಿಳಿಯುತ್ತಿತ್ತು, ಬೆಚ್ಚಗಾದದ್ದು ಹೊರಗೆ ಹೋಗುತ್ತಿತ್ತು, ಸ್ವೆಟರು ಎರಡನ್ನೂ ಹೀರುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದರೂ “ಚಳಿ ಅಂತ ಒಂದು ಇಲ್ಲ” ಎಂದೇ ಹೇಳುತ್ತಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿದಾಗ ನಾನು ನಿಜಕ್ಕೂ ಸಿಟ್ಟಾಗಿ, “ಸರ್, ಎದ್ದೇಳಿ ಸಾಕು, ಏನಾದ್ರೂ ಆದ್ರೆ ನಾನು ಯಾರಿಗೆ ಜವಾಬು ಹೇಳ್ಲಿ?” ಎಂದು ರೇಗಿದೆ.

ಈ ಅವಸ್ಥೆಯನ್ನು ಅಡುಗೆಮನೆಯಿಂದ ಬಂದ ಬಾಯಮ್ಮ ಫೋನಿನಲ್ಲಿ ವಿಡಿಯೋ ಮಾಡಿ ಮಗಳಿಗೆ ಕಳಿಸಿದರು. ನಿನ್ನಪ್ಪನ ಹುಚ್ಚು ನೋಡು ಎನ್ನುವುದಷ್ಟೇ ಉದ್ದೇಶ. ಪೊರ್ಬುಗಳು ಎರಡು ಟವೆಲು ಹೊದ್ದು ಸೋಫಾದ ಮೇಲೆ ಮೆಣಸಿನ ಕಷಾಯ ಕುಡಿಯುತ್ತ ಕೂತಿದ್ದಾಗ ಉತ್ತರ ಬಂತು. ಬಾಯಮ್ಮ ಧ್ವನಿ ಸಂದೇಶ ಒತ್ತಿದರು.

“ಮಮ್ಮಿ, ದಿ ಸೂಟ್ ಈಸ್ ಟೂ ಬಿಗ್ ಲಾ. ಆಂಡ್ ವೈ ಸ್ವೆಟರ್? ಟೆಲ್ ಹಿಮ್, ನಥಿಂಗ್ ಇನ್‌ಸೈಡ್. ಮಸ್ಟ್ ಬಿ ಲೈಕ್ ಸ್ಕಿನ್.”

ಪೊರ್ಬುಗಳು ಲೋಟ ಕೆಳಗಿಟ್ಟರು. “ಇನ್ನೊಮ್ಮೆ ಹಾಕು,” ಎಂದರು.

ಬಾಯಮ್ಮ ಮತ್ತೆ ಒತ್ತಿದರು.

“ಟೆಲ್ ಹಿಮ್ ಅಂತ ಹೇಳಿದ್ಲಲ್ವಾ?”

“ಹೌದು.”

“ಹಿಮ್ ಅಂದ್ರೆ ನಾನೇ ಅಲ್ವಾ?”

“ಮತ್ತ್ಯಾರು, ಪೋಪಾ?” ಎಂದರು ಬಾಯಮ್ಮ. ಪೊರ್ಬುಗಳು ನಗಲಿಲ್ಲ. ಮೂರನೆಯ ಸಲ ತಾವೇ ಒತ್ತಿ ಕೇಳಿದರು. ಅಷ್ಟು ವರ್ಷಗಳಲ್ಲಿ ಮಗಳಿಂದ ಅವರಿಗೆಂದು ಬಂದ ಮೊದಲ ಮಾತು ಅದು, ಅದೂ ಅಮ್ಮನ ಕೈಯಿಂದ.

ಮಗಳು ಹೇಳಿದ ಕ್ರಮದಲ್ಲಿ ಬಾಯಮ್ಮ ಅಳತೆ ತೆಗೆದರು, ಸರಿಯಾದ ಸೂಟು ಬಂತು. ಹಳೆಯದನ್ನು ನನಗೆ ಕೊಟ್ಟರು. “ಇರ್ಲಿ, ಯಾವತ್ತಾದ್ರೂ ಬೇಕಾಗ್ತದೆ,” ಎಂದರು. ನಾನು ಅವರ ಅರ್ಧದಷ್ಟಿದ್ದೇನೆ. ಹೊಸ ಸೂಟು ಹಾಕಿಕೊಳ್ಳುವುದೇ ಒಂದು ಕಾಮಗಾರಿಯಾಗಿತ್ತು. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರಿನೊಳಗೆ ಜಾರಿಸಬೇಕು, ಆಮೇಲೆ ಚೀಲ ಎಳೆದು ತೆಗೆಯಬೇಕು, ಬೆನ್ನಿನ ಜಿಪ್ಪು ಮೇಲೇರಿಸಲು ಬಾಯಮ್ಮ ಒಂದು ಕಾಲನ್ನು ಗೋಡೆಗೆ ಒತ್ತಿ ನಿಲ್ಲಬೇಕು. ಆದರೆ ಒಳಗಿಳಿದ ಮೇಲೆ ವ್ಯತ್ಯಾಸ ಕಂಡಿತು. ಕೈ ಬೀಸಿದರೂ ನೀರು ಒಳಗೆ ನುಗ್ಗಲಿಲ್ಲ. ತುಟಿ ತುಟಿಯ ಬಣ್ಣದಲ್ಲೇ ಇತ್ತು. ಎಲ್ಲ ಸರಿಯಾಗಿದ್ದ ಆ ವಿಡಿಯೋವನ್ನೂ ಕಳಿಸಿದರು. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಮುಂದಿನ ಭಾನುವಾರ ಪೊರ್ಬುಗಳು ತಲೆಗೆ ಹಾಕುವ ‘ಹುಡ್’ ಎಂಬ ರಬ್ಬರ್ ಟೋಪಿಯನ್ನು ಒಳಹೊರಗು ಮಾಡಿ ಹಾಕಿಕೊಂಡರು. ಮಗಳಿಂದ ಸಂದೇಶ ಬಂತು: ತಲೆಯಿಂದ ಬಿಸಿ ಹೋಗುತ್ತದೆ, ಟೋಪಿಯ ಅಂಚು ಸೂಟಿನ ಕತ್ತಿನೊಳಗೆ ಸೇರಬೇಕು, ನೀರಿಗಿಳಿಯುವ ಮೊದಲು ಒಂದು ಚೊಂಬು ಬಿಸಿನೀರನ್ನು ಸೂಟಿನೊಳಗೆ ಸುರಿದುಕೊಂಡರೆ ಮೈ ಅಷ್ಟು ದುಡಿಯಬೇಕಾಗಿಲ್ಲ. ಅದರ ಮುಂದಿನ ವಾರ ಕಾಲಿನ ಬೂಟನ್ನು ಸೂಟಿನ ಮೇಲೆ ಎಳೆದುಕೊಂಡಿದ್ದರು. ಅದಕ್ಕೆ ಇನ್ನೂ ಉದ್ದದ ಸಂದೇಶ ಬಂತು. ಒಂದು ವಾರ ನೀರಿಗಿಳಿಯುವ ಮುಂಚೆ ಮೈ ಬಿಸಿಯಾಗಲೆಂದು ಎರಡು ಪೆಗ್ ವಿಸ್ಕಿ ಹಾಕಿದರು. ಅಂದು ಬಂದ ಧ್ವನಿ ಸಂದೇಶ ಪಿಯುಸಿ ಪಾಠದಷ್ಟು ಉದ್ದವಿತ್ತು. ವಿಸ್ಕಿ ಕುಡಿದರೆ ಬಿಸಿಯಾದಂತೆ ಅನ್ನಿಸುತ್ತದೆ, ಆದರೆ ಒಳಗಿನ ಕಾವು ಚರ್ಮಕ್ಕೆ ಬಂದು ಇನ್ನೂ ಬೇಗ ಹೋಗುತ್ತದೆ, ನಡುಕ ಶುರುವಾದರೆ ಆ ಕ್ಷಣ ಮೇಲೆ ಬರಬೇಕು, ಹಠ ಮಾಡಬಾರದು, ಹೀಗೆ. ಕೊನೆಗೆ ಡೈವಿಂಗಿನವರು ನೀರೊಳಗೆ ಮೈ ಬಿಸಿ ಮಾಡಿಕೊಳ್ಳುವ ಇನ್ನೊಂದು ಉಪಾಯವನ್ನೂ ಹೇಳಿದ್ದಳು. “ಅದನ್ನು ನಾನು ಬಾಯಿ ಬಿಟ್ಟು ಹೇಳುದಿಲ್ಲ,” ಎಂದು ಬಾಯಮ್ಮ ಆ ಭಾಗ ಬರುವ ಹೊತ್ತಿಗೆ ಫೋನು ಮುಚ್ಚಿದರು. ಪೊರ್ಬುಗಳು ಮಾತ್ರ ಅದನ್ನೂ ಆಮೇಲೆ ಕೇಳಿಸಿಕೊಂಡಿರಬೇಕು, ಏಕೆಂದರೆ ಆ ಟಬ್ಬನ್ನು ಬಾಯಮ್ಮ ಮತ್ತೆ ಬಳಸಲಿಲ್ಲ.

ನನ್ನ ಉದ್ಯೋಗ ತಪ್ಪು ಹುಡುಕುವುದು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲಿ ದೋಷವಿದೆ ಎಂದು ನೋಡಿಯೇ ನಾನು ಅನ್ನ ತಿನ್ನುವುದು. ತಾನಾಗಿ ಆದ ತಪ್ಪು ಬೇರೆ, ಬೇಕೆಂದೇ ಇಟ್ಟ ತಪ್ಪು ಬೇರೆ. ಬೇಕೆಂದು ಇಟ್ಟದ್ದು ಕಣ್ಣಿಗೆ ಬೀಳುವ ಜಾಗದಲ್ಲೇ ಇರುತ್ತದೆ. ಕೈಗವಸನ್ನು ಎಡಬಲ ಅದಲುಬದಲು ಮಾಡಿ ಹಾಕಿಕೊಂಡ ದಿನ ನಾನು ಸ್ಟೂಲಿನಿಂದಲೇ ಕೇಳಿದೆ.

“ಸರ್, ಕೆಲಸದಲ್ಲಿ ಒಂದು ದಿನ ತಪ್ಪು ಮಾಡಿದವರಲ್ಲ ನೀವು. ವಾರಕ್ಕೊಂದು ತಪ್ಪು ಎಲ್ಲಿಂದ ಬರ್ತಿದೆ?”

ಅವರು ನೀರಿನಲ್ಲಿ ಐಸಿನ ತುಂಡುಗಳನ್ನು ಬೆರಳಿನಿಂದ ಅತ್ತಿತ್ತ ದೂಡಿದರು. “ಎಲ್ಲ ಸಮ ಮಾಡಿದ ದಿನ ಒಂದು ಹೆಬ್ಬೆರಳು ಬಂತು. ನೋಡಿದ್ದಿಯಲ್ಲ,” ಎಂದರು. “ನಾನು ಸಮ ಮಾಡಿದ್ರೆ ಅವಳಿಗೆ ಹೇಳ್ಲಿಕ್ಕೆ ಎಂತ ಉಂಟು ಹೇಳು.”

ಅವರ ಮೇಲೆ ಬಹಳ ಪ್ರೀತಿ ಬಂತು, ತೋರಿಸಿಕೊಳ್ಳಲು ಹೋಗಲಿಲ್ಲ. ಮುಂದಿನ ವಾರದ ತಪ್ಪು ಯಾವುದಿರಬೇಕು ಎಂದು ಇಬ್ಬರೂ ಸೇರಿ ಯೋಚಿಸಿದೆವು.

ಡೇಟಾ ಸೆಂಟರ್ ಅಗತ್ಯ ಸೇವೆಯಾದ್ದರಿಂದ ಅವರು ಪರವಾನಗಿ ಪತ್ರ ಹಿಡಿದು ಆಫೀಸಿಗೆ ಹೋಗಿಬರುತ್ತಿದ್ದರು. ಒಂದು ದಿನ ಸೂಟನ್ನೂ ಜೊತೆಗೆ ಒಯ್ದಿದ್ದರು, ಅಲ್ಲಿನ ಅತಿ ತಣ್ಣನೆಯ ಕೋಣೆಯಲ್ಲಿ ಹಾಕಿ ನೋಡೋಣವೆಂದು. ದಾರಿಯಲ್ಲಿ ಪೊಲೀಸರು ತಡೆದು ಡಿಕ್ಕಿ ತೆರೆಸಿದರು. ಕಪ್ಪು ರಬ್ಬರ್ ಮೈ, ಕಪ್ಪು ಟೋಪಿ, ಕಪ್ಪು ಕೈಗವಸು, ಒಂದು ಟಾರ್ಚು, ಒಂದು ಟೇಪಿನ ಸುರುಳಿ. ಕಳ್ಳತನಕ್ಕೆ ಇನ್ನೇನು ಬೇಕು. ಸಂಜೆ ಪೊರ್ಬುಗಳು ನನಗೆ ವರದಿ ಒಪ್ಪಿಸಿದರು.

“ಇದು ಎಂತಕ್ಕೆ ಅಂತ ಕೇಳಿದ. ಚಳಿಗೆ ಅಂತ ಹೇಳಿದೆ. ಮಲೇಷ್ಯಾದಲ್ಲಿ ಚಳಿ ಎಲ್ಲಿ ಉಂಟು ಅಂತ ಕೇಳಿದ.”

“ನೀವೇನಂದ್ರಿ?”

“ನನ್ನ ಮನೆಯಲ್ಲಿ ಉಂಟು ಅಂದೆ. ಬಿಟ್ಟ.”

ಎರಡನೆಯ ವರ್ಷದ ನಡುವೆ, ಎಲ್ಲೆಲ್ಲೂ ಜನ ಸಾಯುತ್ತಿದ್ದ ತಿಂಗಳುಗಳಲ್ಲಿ, ಅವರಿಗೂ ಕೊರೊನಾ ತಗುಲಿತು. ಮನೆಯಲ್ಲೇ ಒಂದು ಕೋಣೆಯಲ್ಲಿ ಮಲಗಿದರು. ಮಗಳು ಅಮ್ಮನಿಗೆ ಹೊತ್ತು ಹೊತ್ತಿಗೆ ಫೋನು ಮಾಡಿ ಆಕ್ಸಿಜನ್ ಎಷ್ಟಿದೆ, ಕೆಮ್ಮು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ಅಪ್ಪನ ಫೋನು ಅವರ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು, ಅದು ಮಾತ್ರ ರಿಂಗಾಗಲಿಲ್ಲ. ಆ ಹುಡುಗಿಯ ಮೇಲೆ ನನಗೆ ಆಗ ಹೇಳಲಾರದಷ್ಟು ಕೋಪ ಬಂದಿತ್ತು. ಬಾಗಿಲ ಹೊರಗಿನಿಂದಲೇ ಅದನ್ನು ಅವರಿಗೆ ಹೇಳಿಯೂ ಬಿಟ್ಟೆ.

“ಅವಳಿಗೆ ಎಂತ ಹೇಳ್ಬೇಡ ಮಾರಾಯ್ತಿ,” ಎಂದರು ಒಳಗಿನಿಂದ, ಕೆಮ್ಮಿನ ಮಧ್ಯೆ. “ನೋಡಿ ಆಮೇಲೆ ಮಾತಾಡು ಅಂತ ಹೇಳಿದ್ದಾಳೆ. ನಾನು ಇನ್ನೂ ನೋಡ್ಲಿಲ್ಲ. ಅವಳು ಹೇಳಿದ್ದು ಸಮ ಉಂಟು.” ಆಮೇಲೆ, “ಡಾಕ್ಟರ್ ಹತ್ರ ಕೇಳಿದ್ದಿಯಾ, ಇದು ಹೋದ ಮೇಲೆ ಡೈವ್ ಮಾಡ್ಲಿಕ್ಕೆ ಆಗ್ತದಾ ಅಂತ?” ಎಂದರು.

ಗುಣವಾದ ಮೇಲೆ, ಡಾಕ್ಟರು ಒಪ್ಪಿದ ಮೇಲೆ, ತಿಯೋಮನ್‌ಗೆ ಹೋಗಿ ಡೈವಿಂಗನ್ನು ಮತ್ತೊಮ್ಮೆ ಕಲಿತು ಬಂದರು. ಆ ಬೆಚ್ಚನೆಯ ಸಮುದ್ರಕ್ಕೆ ಎಲ್ಲರೂ ಚಡ್ಡಿ ಬನಿಯನಿನಲ್ಲಿ ಇಳಿದರೆ, ಇವರು ತಣ್ಣೀರಿನ ಸೂಟಿನಲ್ಲಿ ಇಳಿದು ಬೆಂದ ಗೆಣಸಿನಂತಾಗಿ ಮೇಲೆ ಬಂದರಂತೆ. ಆಮೆ ಕಂಡಿತಂತೆ, ದೊಡ್ಡ ದೊಡ್ಡ ಮೀನು ಕಂಡವಂತೆ. ಈ ನಡುವೆ ಮಗಳ ಕೆಲಸದ ಬಗ್ಗೆಯೂ ಬಾಯಮ್ಮನ ಮೂಲಕ ಅಷ್ಟಿಷ್ಟು ತಿಳಿದುಕೊಂಡಿದ್ದರು. ಟಾಸ್ಮೇನಿಯಾದ ಸಮುದ್ರ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಮರದಷ್ಟೆತ್ತರ ಬೆಳೆಯುವ ಅಲ್ಲಿನ ಪಾಚಿ ಆ ಕಾವಿಗೆ ಸಾಯುತ್ತಿದೆ, ಅವಳೂ ಅವಳ ಜೊತೆಯವರೂ ಹೊಸ ಸಸಿ ಬೆಳೆಸಿ ತಳದಲ್ಲಿ ನೆಡುತ್ತಾರೆ.

“ನಾನು ಇಡೀ ಜನ್ಮ ಬಿಸಿಯನ್ನು ಹೊರಗೆ ದೂಡಿದ್ದು,” ಎಂದರು ಒಂದು ದಿನ. “ಹೊರಗೆ ಅಂದ್ರೆ ಎಲ್ಲಿಗೆ ಅಂತ ಯಾರೂ ಕೇಳ್ಲಿಲ್ಲ. ಈಗ ನೋಡಿದ್ರೆ ಅದು ಅವಳ ಹತ್ರ ಹೋಗಿದೆ.” ಇದು ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ನಗದೆ ಇದ್ದೆ. ಅವರೂ ನಗಲಿಲ್ಲ.

ಗಡಿಗಳು ತೆರೆದ ವರ್ಷವೇ ಅವರ ನಿವೃತ್ತಿಯೂ ಬಂತು. ಮನೆ ಖಾಲಿ ಮಾಡಿ, ಮೊದಲು ಟಾಸ್ಮೇನಿಯಾ, ಅಲ್ಲಿಂದ ಮಂಗಳೂರು ಎಂದು ಗಂಡಹೆಂಡತಿ ಹೊರಟರು. ಹೊರಡುವ ದಿನ ನಮ್ಮ ಫ್ರಿಜ್ಜಿನ ಟೇಪನ್ನು ಬದಲಿಸಿ ಹೋದರು. ಎದುರಿನ ಬಾಗಿಲು ಮುಚ್ಚಿದ್ದನ್ನು ನೋಡುವುದು ನನಗೆ ಇಂದಿಗೂ ರೂಢಿಯಾಗಿಲ್ಲ. ಆಮೇಲೆ ನಡೆದದ್ದನ್ನು ನನಗೆ ಹೇಳಿದ್ದು ಬಾಯಮ್ಮ, ವಿಡಿಯೋ ಕಾಲಿನಲ್ಲಿ, ಮೂರು ಸ್ವೆಟರು ಹಾಕಿಕೊಂಡು.

ವಿಮಾನ ನಿಲ್ದಾಣದಲ್ಲಿ ಮಗಳು ಅಪ್ಪನ ಕೈಯಿಂದ ಚೀಲ ತೆಗೆದುಕೊಂಡಳಂತೆ, ಮಾತಾಡಲಿಲ್ಲವಂತೆ. ಅಪ್ಪನೂ ಆಡಲಿಲ್ಲವಂತೆ. ಮರುದಿನ ಬೆಳಿಗ್ಗೆ ಸಮುದ್ರಕ್ಕೆ ಹೋದರು. ದಡದಲ್ಲಿ ಗಾಳಿ ಮುಖ ಕೊಯ್ಯುತ್ತಿತ್ತು. ಪೊರ್ಬುಗಳು ಸೂಟನ್ನು ಒಂದು ತಪ್ಪೂ ಇಲ್ಲದೆ ಹಾಕಿಕೊಂಡರು. ಟೋಪಿಯ ಅಂಚು ಒಳಗೆ, ಬೂಟು ಒಳಗೆ, ಕೈಗವಸು ಸರಿ. ಮಗಳು ಅವರ ಸುತ್ತ ಬಂದು ನೋಡಿ, ಫ್ಲಾಸ್ಕಿನ ಬಿಸಿನೀರನ್ನು ಅವರ ಕತ್ತಿನೊಳಗೆ ತಾನೇ ಸುರಿದಳು. ಇಬ್ಬರೂ ಮುಳುಗಿದರು.

“ನೀರಿನ ಒಳಗೆ ಮಾತಾಡ್ಲಿಕ್ಕೆ ಆಗುದಿಲ್ಲ ನೋಡು,” ಎಂದರು ಬಾಯಮ್ಮ. “ಅದೊಂದು ದೇವ್ರು ದೊಡ್ಡ ಉಪಕಾರ ಮಾಡಿದ್ದು. ಆಡ್ಲಿಕ್ಕೆ ಆಗಿದ್ರೆ ಇವ್ರು ಅಲ್ಲಿಯೂ ಏನಾದ್ರೂ ಹೇಳ್ತಿದ್ರು.”

ತಳದಲ್ಲಿ ಮಗಳು ಅವರನ್ನು ಒಂದು ಬಂಡೆಯ ಹತ್ತಿರ ಕರೆದುಕೊಂಡು ಹೋದಳು. ತಾನೇ ಬೆಳೆಸಿ ನೆಟ್ಟ ಪಾಚಿಯ ಸಸಿಗಳು, ಒಂದೊಂದೂ ಉಗುರಿನಷ್ಟು. ಅವುಗಳ ಕೆಳಗೆ ಕೈಯಿಟ್ಟು ಒಂದೊಂದನ್ನೇ ಅಪ್ಪನ ಕಣ್ಣೆದುರು ತೋರಿಸಿದಳು. ಅವಳು ತೋರಿಸಿದ ಕಡೆಯೆಲ್ಲ ಅವರು ಬಗ್ಗಿ, ಬೆರಳು ಮಡಿಸಿ ‘ಸರಿ’ ಎಂದು ಸನ್ನೆ ಮಾಡಿದರು. ನಡುಕ ಶುರುವಾಗುವ ಮೊದಲೇ ಇಬ್ಬರೂ ಮೇಲೆ ಬಂದರು. ಎರಡು ವರ್ಷದ ಐಸು ವ್ಯರ್ಥವಾಗಿರಲಿಲ್ಲ. ಚಳಿ ಅವರನ್ನು ಏನೂ ಮಾಡಿರಲಿಲ್ಲ.

ದಡದ ಕಲ್ಲಿನ ಮೇಲೆ ಕೂರಿಸಿ ಮಗಳು ಕೇಳಿದಳು. ನೇರವಾಗಿ, ಅವರನ್ನೇ. “ಸೋ, ಪಪ್ಪಾ? ಯು ಸಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬಾಯಮ್ಮ ಪಕ್ಕದಲ್ಲಿ ನಿಂತು, ಹೌದು ಅನ್ನಲಿ, ಬೇರೆ ಏನೂ ಅನ್ನದಿರಲಿ ಎಂದು ಜಪಮಣಿ ಹಿಡಿದುಕೊಂಡಿದ್ದರಂತೆ.

“ಇಲ್ಲ ಮಗಾ,” ಎಂದರು ಪೊರ್ಬುಗಳು. “ನಂಗೆ ಎಂತದೂ ಕಾಣ್ಲಿಲ್ಲ.”

ಕನ್ನಡಕ. ಹತ್ತಿರದ್ದನ್ನು ನೋಡಲು ಅವರಿಗೆ ಕನ್ನಡಕ ಬೇಕು, ಡೈವಿಂಗಿನ ಮುಖಗವಸಿನೊಳಗೆ ಅದನ್ನು ಹಾಕಿಕೊಳ್ಳಲಾಗದು. ಟಬ್ಬಿನಲ್ಲಿ ನೋಡಲು ಏನೂ ಇರಲಿಲ್ಲ, ತಿಯೋಮನ್‌ನ ಆಮೆ ದೂರದಲ್ಲಿತ್ತು. ಎರಡು ವರ್ಷ ಅವರೂ, ಬಾಯಮ್ಮನೂ, ತಪ್ಪು ಹುಡುಕಿ ಅನ್ನ ತಿನ್ನುವ ನಾನೂ, ಬಿಸಿ ಎಲ್ಲಿಂದ ಹೋಗುತ್ತದೆ ಎಂದು ಮಾತ್ರ ನೋಡಿದೆವು. ಕಣ್ಣಿನ ನೆನಪು ಯಾರಿಗೂ ಆಗಲಿಲ್ಲ. ಇಳಿದು ನೋಡು ಎಂದು ಅವಳು ಹೇಳಿದ್ದರಲ್ಲಿ ಇಳಿಯುವುದನ್ನಷ್ಟೇ ನಾವು ತಯಾರು ಮಾಡಿದ್ದು.

ಮಗಳು ಅಪ್ಪನ ಮುಖವನ್ನೇ ನೋಡಿದಳಂತೆ. “ಈಸ್ ದಿಸ್ ಆಲ್ಸೋ ಆನ್ ಪರ್ಪಸ್?” ಎಂದಳು. “ಲೈಕ್ ದಿ ಹುಡ್? ಲೈಕ್ ದಿ ಗ್ಲವ್ಸ್?” ವಾರವಾರದ ತಪ್ಪುಗಳೆಲ್ಲ ಬೇಕೆಂದೇ ಮಾಡಿದ್ದು ಎಂದು ಅವಳಿಗೆ ಮೊದಲಿನಿಂದಲೂ ತಿಳಿದಿತ್ತು. ತಿಳಿದೇ ಅಷ್ಟುದ್ದ ಉತ್ತರ ಕೊಡುತ್ತಿದ್ದಳು.

“ಇಲ್ಲ, ಇದು ನಿಜವಾಗಿ ಆದದ್ದು,” ಎಂದರು ಅವರು. ತಲೆ ತಗ್ಗಿಸಿದ್ದರು. ಆಮೇಲೆ, “ನೀನು ಮುಂದೆ ಈಜುವಾಗ ನಿನ್ನ ಕೈ ಕಂಡಿತು. ಗ್ಲೌಸಿನ ಹೆಬ್ಬೆರಳಿನ ಹತ್ರ ಹರಿದಿದೆ. ಅಲ್ಲಿಂದ ಎಲ್ಲ ಬಿಸಿ ಹೋಗ್ತದೆ ಮಗಾ. ಕೈ ಮರಗಟ್ಟುದಿಲ್ವಾ?”

ಅವಳು ಒದ್ದೆ ಕೈಯನ್ನು ಗವಸಿನ ಸಮೇತ ಅವರ ಮುಂದೆ ಚಾಚಿದಳು. ಪೊರ್ಬುಗಳು ಬಾಯಮ್ಮನ ಕೈಯಿಂದ ಕನ್ನಡಕ ಇಸಿದುಕೊಂಡು ಮೂಗಿಗೇರಿಸಿ, ಕಳಚಿಟ್ಟ ಪ್ಯಾಂಟಿನ ಜೇಬಿನಲ್ಲಿ ತಡಕಿ ಟೇಪಿನ ಸುರುಳಿ ತೆಗೆದರು. ಒದ್ದೆ ರಬ್ಬರಿಗೆ ಆ ಟೇಪು ಅಂಟುವುದಿಲ್ಲ. ಅದು ಅವರಿಗೂ ಗೊತ್ತು, ಸಮುದ್ರದಲ್ಲೇ ಬದುಕುವ ಅವಳಿಗೂ ಗೊತ್ತು. ಅವರು ನಿಧಾನವಾಗಿ ಸುತ್ತಿ ಮುಗಿಸುವವರೆಗೂ ಅವಳು ಆ ಗಾಳಿಯಲ್ಲಿ ಕೈ ಚಾಚಿಕೊಂಡೇ ನಿಂತಿದ್ದಳಂತೆ.